ಕಾಟಾದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ತಮ್ಮನಿಗೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ, ಭತ್ತದ ಸುಗ್ಗಿ ಬಂತೆಂದರೆ ಲಾರಿ ತೂಗುವ ಕಾಟಾದ ಮುಂದೆ ಪಾಳಿ ಹತ್ತುತ್ತದೆ. ಅಲ್ಲಿನ ಹಳೇ ವಿಂಡೋಸ್ ಮಷೀನಿಗೆ ತೂಕದ ಪ್ರೋಗ್ರಾಂ ಬರೆಯಲು ಹೊರಟಿದ್ದೀ. ಇಷ್ಟು ನೆನಪಿಡು ತಮ್ಮಾ:

• ಮನಸ್ಸಿಗೆ ಬಂದಾಗಲೆಲ್ಲ ಪರದೆ ಮೇಲೆ ಬರೆಯಬೇಡ. ಹೊಸ ತೂಕ ಬಂದರೆ ಅದನ್ನು ನೆನಪಿನಲ್ಲಿಟ್ಟು, ಅಂಕಿ ಇರುವ ಚೌಕಕ್ಕಷ್ಟೇ ಇನ್‌ವ್ಯಾಲಿಡೇಟ್‌ರೆಕ್ಟ್ ಕರೆದು ಸುಮ್ಮನಿರು. ಪಾಳಿಯಲ್ಲಿ ಬೇರೆ ಮೆಸೇಜ್ ಇಲ್ಲದಾಗ ವಿಂಡೋಸೇ ಡಬ್ಲ್ಯುಎಂ_ಪೇಂಟ್ ಕೊಡುತ್ತದೆ. ನಡುವೆ ತೂಕ ಹತ್ತು ಸಲ ಬದಲಾಗಿದ್ದರೂ ಬರೆಯುವುದು ಒಂದೇ ಸಲ.

• ಪೇಂಟ್ ಮೆಸೇಜ್ ಹಿಡಿದ ಮೇಲೆ ಬಿಗಿನ್‌ಪೇಂಟ್, ಎಂಡ್‌ಪೇಂಟ್ ಎರಡೂ ಇರಲೇಬೇಕು. ಇಲ್ಲದಿದ್ದರೆ ಆ ಜಾಗದ ಬಾಕಿ ತೀರುವುದಿಲ್ಲ. ಅದೇ ಮೆಸೇಜ್ ಬರುತ್ತಲೇ ಇರುತ್ತದೆ.

• ಅಂಕಿ ಮಿಣಮಿಣ ಎನ್ನುತ್ತಿದೆಯೇ? ಹಿನ್ನೆಲೆ ಒಮ್ಮೆ ಅಳಿಸಿ ಆಮೇಲೆ ಬರೆಯುವುದರಿಂದ ಹಾಗಾಗುತ್ತದೆ. ಡಬ್ಲ್ಯುಎಂ_ಇರೇಸ್‌ಬಿಕೆಜಿಎನ್‌ಡಿಗೆ 1 ಮರಳಿಸು. ಮೆಮೊರಿಯ ಬಿಟ್‌ಮ್ಯಾಪಿನಲ್ಲಿ ಪೂರ್ತಿ ಬರೆದು, ಬಿಟ್‌ಬ್ಲಿಟ್‌ನಿಂದ ಒಮ್ಮೆಲೇ ತಂದು ಹಾಕು.

• ಎಲ್ಲಕ್ಕಿಂತ ದೊಡ್ಡ ತಪ್ಪು, ವಿಂಡೋ ನಡೆಸುವ ಥ್ರೆಡ್ಡಿನಲ್ಲೇ ತೂಕ ಬರುವ ಸೀರಿಯಲ್ ಪೋರ್ಟ್ ಓದುತ್ತ ಕಾಯುವುದು. ಸುಮಾರು 5 ಸೆಕೆಂಡ್ ಮೆಸೇಜ್ ಎತ್ತದಿದ್ದರೆ ವಿಂಡೋಸ್ ನಿನ್ನ ಪ್ರೋಗ್ರಾಮಿಗೆ ‘ನಾಟ್ ರೆಸ್ಪಾಂಡಿಂಗ್’ ಪಟ್ಟಿ ಕಟ್ಟುತ್ತದೆ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಒಳಗೆ ಗುಮಾಸ್ತ ಬಟನ್ ಒತ್ತಿದ್ದೇ ಒತ್ತುತ್ತಾನೆ. ಆ ಒತ್ತುಗಳು ಪಾಳಿಯಲ್ಲಿ ಕೂತಿದ್ದರೆ, ಪ್ರೋಗ್ರಾಂ ಎಚ್ಚೆತ್ತ ಮೇಲೆ ಒಂದೇ ಲಾರಿಗೆ ಎರಡು ಚೀಟಿ! ಜಗಳ ಬಿಡಿಸಲು ನೀನೇ ಹೋಗಬೇಕು. ಓದುವ ಕೆಲಸ ಬೇರೆ ಥ್ರೆಡ್ಡಿಗೆ ಬಿಡು. ಅದು ಪೋಸ್ಟ್‌ಮೆಸೇಜ್ ಮಾಡಲಿ, ಪರದೆ ಮುಟ್ಟದಿರಲಿ.

• ಫಾಂಟ್, ಬ್ರಷ್ ಮಾಡಿದವನೇ ಅಳಿಸಬೇಕು. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 10,000 ಜಿಡಿಐ ವಸ್ತುಗಳ ಮಿತಿ. ಪ್ರತಿ ಪೇಂಟಿಗೂ ಒಂದೊಂದು ಸೋರಿದರೆ ಮುಂಜಾನೆ ಚಂದ ಇದ್ದ ಪರದೆ ಸಂಜೆಗೆ ಕೆಡುತ್ತದೆ.

• ರೈತರ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಬರೆಯಬೇಡ. ‘ಮಲ್ಲಪ್ಪ’ನ ಒತ್ತುಗಳು ಚದುರಿಹೋಗುತ್ತವೆ. ಇಡೀ ಹೆಸರನ್ನು ಯೂನಿಕೋಡಿನಲ್ಲಿ ಡ್ರಾಟೆಕ್ಸ್ಟಿಗೆ ಕೊಡು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಮತ್ತೆ ಬರೆಯುವ ಚೌಕವನ್ನೂ ತುಸು ಕೆಳಗೆ ಹಿಗ್ಗಿಸು. ಇಂಗ್ಲಿಷ್ ಪುಸ್ತಕ ನೋಡಿ ಕಲಿತವರಿಗೆ ಇದು ಹೊಳೆಯುವುದಿಲ್ಲ.

• ನಿನಗೆ ಬೇಡದ ಮೆಸೇಜ್ ಡೆಫ್‌ವಿಂಡೋಪ್ರೊಕ್‌ಗೆ ಹೋಗಲಿ.

• ಡಬ್ಲ್ಯುಎಂ_ಡಿಸ್ಟ್ರಾಯ್ ಬಂದಾಗ ಪೋಸ್ಟ್‌ಕ್ವಿಟ್‌ಮೆಸೇಜ್ ಮರೆತರೆ ವಿಂಡೋ ಹೋದರೂ ಪ್ರೋಗ್ರಾಂ ಒಳಗೇ ಉಳಿದು ಪೋರ್ಟ್ ಹಿಡಿದುಕೊಂಡಿರುತ್ತದೆ. ಮರುದಿನವಲ್ಲ, ಮರುಗಳಿಗೆಯೇ ಮತ್ತೆ ಚಾಲೂ ಮಾಡಿದರೂ ತೂಕ ಬರುವುದಿಲ್ಲ.

• ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ನೋಡಿ ಸಮಾಧಾನಪಡಬೇಡ. ಕಾಟಾದ ಮಷೀನಿನಲ್ಲೇ ವಿಂಡೋ ಇಳಿಸಿ, ಏರಿಸಿ, ಎಳೆದು ನೋಡಿ, ಆಮೇಲೆ ರೊಕ್ಕ ಕೇಳು.