ಹುಟ್ಟದ ಕರುಗಳ ಲೆಕ್ಕ: ಹೈನುರಾಸು ಸಂಶೋಧನೆಯಲ್ಲಿ ಗಣಕಯಂತ್ರ



ಹಸು ಬೆದೆಗೆ ಬಂತು, ಕೃತಕ ಗರ್ಭಧಾರಣೆ ಕಾರ್ಯಕರ್ತರು ಸಕಾಲಕ್ಕೆ ಬಂದು ತಮ್ಮ ಕೆಲಸ ಮಾಡಿ ಹೋದರು. ಮೂರು ವಾರಕ್ಕೆ ಬೆದೆ ಕಾಣಲಿಲ್ಲ; ಗಬ್ಬ ನಿಂತಿತೆಂದು ನೀವು ಸಮಾಧಾನಪಟ್ಟಿರಿ. ಆರೇಳು ವಾರ ಕಳೆದ ಮೇಲೆ ಹಸು ಮತ್ತೆ ಕೂಗತೊಡಗಿತು. ಈ ಅನುಭವ ನಿಮ್ಮಲ್ಲಿ ಬಹುಮಂದಿಗೆ ಆಗಿರುತ್ತದೆ. ಸಾಮಾನ್ಯ ಕಾರಣಗಳು ನಿಮಗೆ ಗೊತ್ತಿರುವವೇ: ಬೆದೆಯ ಸಮಯ ತಪ್ಪುವುದು, ಖನಿಜಾಂಶದ ಕೊರತೆ, ಗರ್ಭಕೋಶದ ಸೋಂಕು. ಇವು ಯಾವುವೂ ಇಲ್ಲದಿದ್ದರೂ ಹೋರಿ ಮತ್ತು ಹಸು ಇಬ್ಬರ ವಂಶದಲ್ಲೂ ಅಡಗಿರುವ ಒಂದೇ ದೋಷದಿಂದ ಗರ್ಭ ಕರಗುವುದುಂಟು. ಅಂಥ ಹಲವು ದೋಷಗಳನ್ನು ಪತ್ತೆ ಮಾಡಿದವರು ಗಣಕಯಂತ್ರದ ಮುಂದೆ ಕುಳಿತು ಲೆಕ್ಕ ಹಾಕಿದ ವಿಜ್ಞಾನಿಗಳು. ಅವರು ಲೆಕ್ಕ ಹಾಕಿದ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಪ್ರಾಣಿಯ ಜೀವಕೋಶಗಳಲ್ಲಿ ಅದರ ವಂಶದ ಬರಹವಿರುತ್ತದೆ. ಹಸುವಿನಲ್ಲಿ ಈ ಬರಹ 30 ಜೊತೆ ವರ್ಣತಂತುಗಳಲ್ಲಿ ಹಂಚಿಕೆಯಾಗಿದೆ. ಬಳಕೆಯಾಗುವ ಅಕ್ಷರ ನಾಲ್ಕೇ ಆದರೂ ಒಟ್ಟು ಉದ್ದ ಸುಮಾರು 270 ಕೋಟಿ ಅಕ್ಷರ. ಅಮೆರಿಕದ ಡಾಮಿನೆಟ್ ಎಂಬ ಹೆರಿಫೋರ್ಡ್ ಹಸುವಿನ ಬರಹವನ್ನು ಓದಿ 2009ರಲ್ಲಿ ಪ್ರಕಟಿಸಿದರು. ಪ್ರತಿ ರಾಸಿನಲ್ಲೂ ಇಷ್ಟನ್ನು ಓದುವುದು ದುಬಾರಿ. ಆದ್ದರಿಂದ ರಾಸಿನಿಂದ ರಾಸಿಗೆ ವ್ಯತ್ಯಾಸವಾಗುವ ಸುಮಾರು 54,000 ಸ್ಥಳಗಳನ್ನಷ್ಟೇ ಓದುವ ಚಿಪ್ ತಯಾರಾಯಿತು. ಅದಕ್ಕೆ ಕೂದಲ ಬುಡ ಅಥವಾ ಸ್ವಲ್ಪ ರಕ್ತ ಸಾಕು.

ಪ್ರತಿ ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಇಂಥ ದೋಷಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ರಾಸು ಚೆನ್ನಾಗಿ ಬೆಳೆಯುತ್ತದೆ, ಹಾಲು ಕೊಡುತ್ತದೆ. ಇದಕ್ಕೆ ವಾಹಕ ಎನ್ನುತ್ತಾರೆ. ವಾಹಕ ಹೋರಿಯ ವೀರ್ಯ ವಾಹಕ ಹಸುವಿಗೆ ಬಿದ್ದರೆ ಸರಾಸರಿ ನಾಲ್ಕು ಗರ್ಭಗಳಲ್ಲಿ ಒಂದಕ್ಕೆ ಎರಡೂ ಕೆಟ್ಟ ಪ್ರತಿಗಳು ಬರುತ್ತವೆ. ಆ ಭ್ರೂಣ ಉಳಿಯುವುದಿಲ್ಲ.

ತೊಡಕಿರುವುದು ಇಲ್ಲೇ. ಕರಗಿಹೋದ ಭ್ರೂಣ ಪರೀಕ್ಷೆಗೆ ಸಿಗುವುದಿಲ್ಲ. ಹಾಗಾದರೆ ದೋಷವನ್ನು ಹುಡುಕುವುದು ಎಲ್ಲಿ? ಸಂಘದ ಹಾಲಿನ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ದಿನವೂ ಹಾಲು ಹಾಕುವ ಮನೆಯ ಸಾಲು ಖಾಲಿ ಇದ್ದರೆ, ಆ ಮನೆಯವರು ಬಂದು ಹೇಳದಿದ್ದರೂ ಕಾರ್ಯದರ್ಶಿಗಳಿಗೆ ಗೊತ್ತಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಾಲ್ ವ್ಯಾನ್‌ರೇಡನ್ ಮತ್ತು ಸಂಗಡಿಗರು ಇದೇ ರೀತಿ ಖಾಲಿ ಸಾಲನ್ನು ಹುಡುಕಿದರು. ಬದುಕಿರುವ, ಆರೋಗ್ಯವಾಗಿರುವ 58,453 ಹೋಲ್‌ಸ್ಟೀನ್ ರಾಸುಗಳ ಮಾಹಿತಿಯನ್ನೂ, ಜೊತೆಗೆ ಜರ್ಸಿ ಮತ್ತು ಬ್ರೌನ್ ಸ್ವಿಸ್ ರಾಸುಗಳ ಮಾಹಿತಿಯನ್ನೂ ತೆಗೆದುಕೊಂಡರು. ಬರಹದ ಕೆಲವು ತುಣುಕುಗಳು ತಳಿಯಲ್ಲಿ ಸಾಕಷ್ಟು ಹರಡಿದ್ದವು. ಯಾವ ಹೋರಿಯನ್ನು ಯಾವ ಹಸುವಿಗೆ ಬಳಸಿದ್ದರೆಂದು ನೋಡಿ ಲೆಕ್ಕ ಹಾಕಿದರೆ, ಆ ತುಣುಕಿನ ಎರಡೂ ಪ್ರತಿ ಇರುವ ರಾಸುಗಳು ಒಂದೊಂದು ತುಣುಕಿಗೆ 7ರಿಂದ 90ರವರೆಗೆ ಸಿಗಬೇಕಿತ್ತು. ಒಂದೂ ಸಿಗಲಿಲ್ಲ. ಅವು ಹುಟ್ಟಿಯೇ ಇರಲಿಲ್ಲ.

ಹೀಗೆ 11 ತುಣುಕುಗಳ ಮೇಲೆ ಅನುಮಾನ ಬಂತು. ಅನುಮಾನವನ್ನು ಅಷ್ಟಕ್ಕೇ ನಂಬದೆ ಗರ್ಭಧಾರಣೆಯ ದಾಖಲೆಗಳನ್ನು ತೆಗೆದರು. ಹೋಲ್‌ಸ್ಟೀನ್ ಒಂದರದೇ 1 ಕೋಟಿ 49 ಲಕ್ಷ ದಾಖಲೆಗಳು! ವಾಹಕ ಹೋರಿಯ ವೀರ್ಯವನ್ನು ಇನ್ನೊಂದು ವಾಹಕ ಹೋರಿಯ ಮಗಳಿಗೆ ಕೊಟ್ಟಲ್ಲಿ ನೂರಕ್ಕೆ ಮೂರರಿಂದ ಮೂರೂಮುಕ್ಕಾಲರಷ್ಟು ಕಡಿಮೆ ಗಬ್ಬ ನಿಂತಿತ್ತು. ಐದು ತುಣುಕುಗಳು ಖಚಿತವಾದವು. ಇದು ಪ್ರಕಟವಾದದ್ದು 2011ರಲ್ಲಿ. ಜರ್ಸಿ ಸಾಕಿರುವ ಸದಸ್ಯರು ಗಮನಿಸಬೇಕು: ಅಲ್ಲಿನ ಜರ್ಸಿ ರಾಸುಗಳಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಬಹಳ ವರ್ಷ ಒಂದು ದೋಷದ ವಾಹಕಗಳಾಗಿದ್ದವು. ನೂರಕ್ಕೆ ಮೂರೂವರೆಯ ಇಳಿಕೆ ಎರಡು ಹಸುಗಳ ಕೊಟ್ಟಿಗೆಯಲ್ಲಿ ಯಾರ ಕಣ್ಣಿಗೂ ಬೀಳದು. ನೂರು ಹಸು ಕಟ್ಟಿದವರ ಕಣ್ಣಿಗೂ ಬೀಳದು.

ಹೋಲ್‌ಸ್ಟೀನ್‌ನ ಒಂದು ದೋಷದ ಜಾಡು ಹಿಡಿದು ಹೋದಾಗ ಸಿಕ್ಕ ಹೋರಿ ಚೀಫ್, ಪೂರ್ತಿ ಹೆಸರು ಪಾನೀ ಫಾರ್ಮ್ ಅರ್ಲಿಂಡಾ ಚೀಫ್. ಹುಟ್ಟಿದ್ದು 1962ರಲ್ಲಿ, ನೆಬ್ರಾಸ್ಕದಲ್ಲಿ. ಅವನ ಹೆಣ್ಣುಮಕ್ಕಳೇ 16,000. ಹಾಲು ಹೇರಳವಾಗಿ ಬಂದದ್ದರಿಂದ ಅವನನ್ನೂ ಅವನ ಮಕ್ಕಳನ್ನೂ ಪ್ರಪಂಚವೆಲ್ಲ ಬಳಸಿತು. ಅವನ ಎಪಿಎಎಫ್1 ಎಂಬ ವಂಶವಾಹಿಯ ಒಂದು ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿತ್ತು. 2016ರಲ್ಲಿ ಪ್ರಕಟವಾದ ಸಂಶೋಧನೆಯ ಅಂದಾಜಿನಂತೆ 35 ವರ್ಷಗಳಲ್ಲಿ ಈ ಒಂದು ತಪ್ಪಿನಿಂದ ಸುಮಾರು 5 ಲಕ್ಷದ 25 ಸಾವಿರ ಗರ್ಭಗಳು ಹೋದವು. ನಷ್ಟ ಸುಮಾರು 42 ಕೋಟಿ ಡಾಲರ್. ಹಾಗೆಂದು ಚೀಫ್ ಕೆಟ್ಟ ಹೋರಿಯೆನ್ನುವಂತಿಲ್ಲ. ಅವನಿಂದ ಹೆಚ್ಚಿದ ಹಾಲಿನ ಬೆಲೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಈಗ ಅಲ್ಲಿ ವಾಹಕ ಹೋರಿಗಳನ್ನು ಪಟ್ಟಿಯಲ್ಲಿ ಗುರುತಿಸುತ್ತಾರೆ. ವಾಹಕಕ್ಕೆ ವಾಹಕ ಬೀಳದಂತೆ ನೋಡಿಕೊಂಡರೆ ಕರು ಉಳಿಯುತ್ತದೆ.

ಈ ವಿದ್ಯೆಗೆ ಬಯೋಇನ್ಫರ್ಮ್ಯಾಟಿಕ್ಸ್ ಎಂದು ಹೆಸರು. ಇದರಲ್ಲಿ ಪಿಎಚ್.ಡಿ. ಮಾಡುವವರು ವರ್ಷಗಟ್ಟಲೆ ಇಂಥ ದಾಖಲೆಗಳ ನಡುವೆಯೇ ಇರುತ್ತಾರೆ. ಕೆಲಸದ ದೊಡ್ಡ ಪಾಲು ದಾಖಲೆ ಶುದ್ಧ ಮಾಡುವುದು: ತಂದೆಯೆಂದು ಬರೆದ ಹೋರಿ ನಿಜಕ್ಕೂ ತಂದೆಯೇ, ಒಂದೇ ಓಲೆಯ ಸಂಖ್ಯೆ ಎರಡು ರಾಸುಗಳಿಗೆ ಬರೆದುಹೋಗಿದೆಯೇ ಎಂದು ನೋಡುವುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದಲ್ಲಿ ಪಿಎಚ್.ಡಿ. ಮಾಡಬಹುದು. ಗಣಿತದಲ್ಲಿ ಚುರುಕಾಗಿರುವ, ಕೊಟ್ಟಿಗೆಯನ್ನೂ ಬಲ್ಲ ನಿಮ್ಮ ಮಕ್ಕಳಿಗೆ ಇದು ಒಳ್ಳೆಯ ದಾರಿ ಎಂದು ನಮ್ಮ ಅಭಿಪ್ರಾಯ.

ನಮ್ಮ ಮಿಶ್ರತಳಿ ಹಸುಗಳ ಎಚ್.ಎಫ್. ರಕ್ತವೂ ಇದೇ ಹೋಲ್‌ಸ್ಟೀನ್ ವಂಶದ್ದು. ನಮ್ಮ ದೇಶದ ವೀರ್ಯ ಕೇಂದ್ರಗಳಿಗಿರುವ ನಿಯಮದಂತೆ ಎಚ್.ಎಫ್. ಮತ್ತು ಅದರ ಮಿಶ್ರತಳಿ ಹೋರಿಗಳಿಗೆ ಬ್ಲಾಡ್, ಸಿಟ್ರುಲಿನೀಮಿಯಾ, ಡಂಪ್ಸ್ ಹಾಗೂ ಫ್ಯಾಕ್ಟರ್ 11 ಕೊರತೆ ಎಂಬ ನಾಲ್ಕು ವಂಶದೋಷಗಳ ಪರೀಕ್ಷೆಯಾಗಬೇಕು. ಇವುಗಳಲ್ಲಿ ಡಂಪ್ಸ್‌ನ ಎರಡೂ ಪ್ರತಿ ಪಡೆದ ಭ್ರೂಣ ಸುಮಾರು 40 ದಿನಕ್ಕೆ ಸಾಯುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ನಮ್ಮ ದೇಶದ ರಾಸುಗಳಿಗಾಗಿ ಇಂಡಸ್‌ಚಿಪ್ ರೂಪಿಸಿದೆ; 2024ರಲ್ಲಿ ದೇಶಿ ಹಸುಗಳಿಗೆ ಗೌ ಚಿಪ್, ಎಮ್ಮೆಗಳಿಗೆ ಮಹಿಷ್ ಚಿಪ್ ಬಿಡುಗಡೆಯಾದವು. ಆದರೆ ಚಿಪ್ ಎಷ್ಟೇ ಬರಲಿ, ಈ ಹಸುವಿಗೆ ಈ ದಿನ ಈ ಹೋರಿ, ಗಬ್ಬ ನಿಂತಿತೋ ಇಲ್ಲವೋ ಎಂಬ ಸಾಲು ಬರೆಯಬೇಕಾದದ್ದು ನಿಮ್ಮ ಕೊಟ್ಟಿಗೆಯಲ್ಲೇ.

ಆದ್ದರಿಂದ ಒಂದು ಸಣ್ಣ ಪುಸ್ತಕ ಇಡಿ. ಹಸುವಿನ ಕಿವಿಯೋಲೆಯ 12 ಅಂಕಿಗಳು, ಗರ್ಭಧಾರಣೆಯ ದಿನ, ವೀರ್ಯದ ಕಡ್ಡಿಯ ಮೇಲೆ ಅಚ್ಚಾಗಿರುವ ಹೋರಿಯ ಸಂಖ್ಯೆ, ಇವಿಷ್ಟನ್ನು ಕಾರ್ಯಕರ್ತರಿಂದ ಕೇಳಿ ಬರೆದುಕೊಳ್ಳಿ. ಹೆಣ್ಣುಕರು ಹುಟ್ಟಿದರೆ ಅದರ ಹೆಸರಿನ ಮುಂದೆ ತಂದೆಯ ಸಂಖ್ಯೆ ಇರಲಿ. ಆ ಪಡ್ಡೆ ಬೆದೆಗೆ ಬಂದಾಗ ಸಂಖ್ಯೆ ತೋರಿಸಿ, ಬೇರೆ ಹೋರಿಯ ವೀರ್ಯ ಕೇಳಿ. ತಂದೆಯದನ್ನೇ ಮಗಳಿಗೆ ಕೊಟ್ಟರೆ, ತಂದೆ ಇಂಥ ಒಂದು ದೋಷದ ವಾಹಕವಾಗಿದ್ದಲ್ಲಿ ಎಂಟು ಗರ್ಭಕ್ಕೆ ಒಂದು ಹೋಗುತ್ತದೆ. ರಕ್ತಸಂಬಂಧದ ಬೇರೆ ಕೆಡುಕುಗಳು ಪ್ರತ್ಯೇಕ. ಸಂತೆಯಲ್ಲಿ ಕೊಂಡ ಹಸುವಿನ ತಂದೆ ಯಾರೆಂದು ದಲ್ಲಾಳಿಗೂ ತಿಳಿದಿರುವುದಿಲ್ಲ. ಅದರ ಪುಸ್ತಕವನ್ನು ಕೊಂಡ ದಿನದಿಂದ ಶುರುಮಾಡಿ. ಮೂರು ಬಾರಿ ಕೊಡಿಸಿಯೂ ಗಬ್ಬ ನಿಲ್ಲದಿದ್ದರೆ ವಂಶದೋಷವೆಂದು ನೀವೇ ತೀರ್ಮಾನಿಸದೆ ಒಕ್ಕೂಟದ ಪಶುವೈದ್ಯರಿಗೆ ತೋರಿಸಿ. ಅವರು ಬಂದಾಗ ಆ ಪುಸ್ತಕ ಕೈಗೆ ಸಿಗುವಂತಿರಲಿ.