ದೇವನಹಳ್ಳಿಗೆ ಬಾಡಿಗೆ ಕಾರು: ದರವೆಷ್ಟು, ವೆಚ್ಚವೆಷ್ಟು

ವ್ಯವಹಾರದ ಕೆಲಸಕ್ಕೆಂದು ಬೆಂಗಳೂರಿನಿಂದ ವಿಮಾನವೇರುವವರು ಟಿಕೆಟ್ಟಿನ ದರವನ್ನೂ ಹೋಟೆಲಿನ ಬಾಡಿಗೆಯನ್ನೂ ಹತ್ತು ಕಡೆ ಹೋಲಿಸಿ ನೋಡುತ್ತಾರಾದರೂ, ಮನೆಯಿಂದ ನಿಲ್ದಾಣದವರೆಗಿನ ಕಾರಿನ ಖರ್ಚು ಮಾತ್ರ ಲೆಕ್ಕದ ಪುಸ್ತಕದಲ್ಲಿ 'ಇತರೆ' ಎಂಬ ಶೀರ್ಷಿಕೆಯಡಿ ಸೇರಿಹೋಗುತ್ತದೆ. 2008ರ ಮೇ ತಿಂಗಳಲ್ಲಿ ವಿಮಾನ ಸಂಚಾರವು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೆ, ನಗರದ ಬಹುಭಾಗದ ನಿವಾಸಿಗಳಿಗೆ ಈ ದಾರಿ 30 ಕಿಲೋಮೀಟರಿಗೂ ಹೆಚ್ಚಾಗಿದ್ದು, ತಿಂಗಳಿಗೆ ಎರಡು ಪ್ರವಾಸ ಮಾಡುವವರು ವರ್ಷಕ್ಕೆ 48 ಬಾರಿ ಅದನ್ನು ಕ್ರಮಿಸುತ್ತಾರೆ. ಅಷ್ಟು ಬಾರಿ ಮರುಕಳಿಸುವ ವೆಚ್ಚವನ್ನು ಚಿಲ್ಲರೆ ಎಂದು ಬಗೆಯುವುದು ಸರಿಯಲ್ಲ.

ಈ ದಾರಿಗೆ ಗೊತ್ತುಮಾಡುವ ಕಾರಿನ ಸೇವೆಯನ್ನು ಸೂಚಿಸುವ ಲಿಮೋಸಿನ್ ಎಂಬ ಪದವು ಉದ್ದನೆಯ ಐಷಾರಾಮಿ ಕಾರನ್ನು ನೆನಪಿಗೆ ತಂದರೂ, ಬೆಂಗಳೂರಿನ ಕಚೇರಿಗಳ ಬಳಕೆಯಲ್ಲಿ ಅಂಥ ಸೇವೆಯೆಂದರೆ ಮುಂಗಡವಾಗಿ ಕಾಯ್ದಿರಿಸಿದ, ಗೊತ್ತಾದ ಚಾಲಕನಿರುವ, ತಿಂಗಳ ಕೊನೆಗೆ ಕಂಪನಿಯ ಹೆಸರಿಗೆ ಬಿಲ್ ಬರುವ ಕಾರು. ಇದರ ಬೆಲೆಯನ್ನು ತೂಗಲು ಅಳತೆಗೋಲೊಂದು ಬೇಕು. ರಾಜ್ಯ ಸರ್ಕಾರವು 2024ರ ಫೆಬ್ರವರಿಯಲ್ಲಿ ಟ್ಯಾಕ್ಸಿಗಳಿಗೆ ನಿಗದಿಪಡಿಸಿದ ಏಕರೂಪ ದರ ಅದಕ್ಕೆ ಒದಗುತ್ತದೆ. ಅದರ ಪ್ರಕಾರ 10 ಲಕ್ಷ ರೂಪಾಯಿವರೆಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂ., ನಂತರದ ಪ್ರತಿ ಕಿ.ಮೀ.ಗೆ 24 ರೂ.; 15 ಲಕ್ಷ ಮೀರಿದ ವಾಹನಕ್ಕೆ ಕ್ರಮವಾಗಿ 130 ಮತ್ತು 32 ರೂ.; ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10ರಷ್ಟು ಹೆಚ್ಚು. 38 ಕಿ.ಮೀ. ದೂರಕ್ಕೆ ಇದನ್ನು ಅನ್ವಯಿಸಿದರೆ ಚಿಕ್ಕ ಕಾರಿಗೆ 916 ರೂ., ದುಬಾರಿ ಕಾರಿಗೆ 1,218 ರೂ. ಆಗುತ್ತದೆ, ತೆರಿಗೆ ಮತ್ತು ಟೋಲ್ ಪ್ರತ್ಯೇಕ.

ಕಾಯ್ದಿರಿಸಿದ ಕಾರಿನ ಬಿಲ್ಲು ಈ ಅಂಕಿಗಳನ್ನು ಬಹುದೂರ ಮೀರಿ ಹೋಗುವುದಕ್ಕೆ ಮುಖ್ಯ ಕಾರಣ 'ಗ್ಯಾರೇಜಿನಿಂದ ಗ್ಯಾರೇಜಿಗೆ' ಎಂಬ ಲೆಕ್ಕದ ಪದ್ಧತಿ. ಪ್ರಯಾಣಿಕನು ಕಾರಿನೊಳಗೆ ಕುಳಿತ ದೂರಕ್ಕೆ ಮಾತ್ರವಲ್ಲದೆ, ಕಾರು ತನ್ನ ಶೆಡ್ಡಿನಿಂದ ಹೊರಟು ಮರಳಿ ಅಲ್ಲಿಗೆ ಸೇರುವವರೆಗಿನ ಪೂರ್ತಿ ದೂರಕ್ಕೂ ಸಮಯಕ್ಕೂ ಹಣ ಕೊಡಬೇಕೆಂಬುದು ಇದರ ಅರ್ಥ. ಶೆಡ್ಡು ಬೊಮ್ಮನಹಳ್ಳಿಯಲ್ಲಿದ್ದು ಪ್ರಯಾಣಿಕ ಮಲ್ಲೇಶ್ವರದಲ್ಲಿದ್ದರೆ, ಖಾಲಿ ಬರುವ ಸುಮಾರು 15, ನಿಲ್ದಾಣದವರೆಗಿನ 32, ಖಾಲಿ ಮರಳುವ 46 ಸೇರಿ 93 ಕಿ.ಮೀ. ಆಗುವುದರಿಂದ, '8 ಗಂಟೆ 80 ಕಿ.ಮೀ.' ಎಂಬ ಸಾಮಾನ್ಯ ಪ್ಯಾಕೇಜು ಸಾಲದೆ 13 ಕಿ.ಮೀ.ಗೆ ಹೆಚ್ಚುವರಿ ದರ ಬೀಳುತ್ತದೆ. ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಮೊದಲು ಕೇಳಬೇಕಾದ್ದು ಕಾರಿನ ಮಾದರಿಯನ್ನಲ್ಲ, ಶೆಡ್ಡು ಎಲ್ಲಿದೆ ಎಂಬುದನ್ನು. ಸಾಧ್ಯವಿದ್ದರೆ ನಿಲ್ದಾಣದ ಸವಾರಿಗೆ ಟೋಲ್, ಪಾರ್ಕಿಂಗ್, ಚಾಲಕನ ರಾತ್ರಿ ಬಾಟಾ ಎಲ್ಲವೂ ಸೇರಿದ ಒಂದೇ ಗೊತ್ತು ದರವನ್ನು ಬರಹದಲ್ಲಿ ಪಡೆಯಬೇಕು.

ಪ್ರಸ್ತುತ ಲೇಖಕನು ಈ ಪಾಠವನ್ನು ಹಣ ತೆತ್ತೇ ಕಲಿತದ್ದು. ಪ್ರಯಾಣದ ವಿವರ ದಾಖಲಾಗುವ ಚೀಟಿಗೆ, ಅಂದರೆ ಡ್ಯೂಟಿ ಸ್ಲಿಪ್ಪಿಗೆ, ನಿಲ್ದಾಣದ ಬಾಗಿಲಲ್ಲಿ ಅವಸರದಿಂದ ಖಾಲಿಯಿದ್ದಾಗಲೇ ಸಹಿ ಹಾಕುವ ರೂಢಿಯಿಂದಾಗಿ, ತಿಂಗಳ ನಂತರ ಬಂದ ಬಿಲ್ಲಿನಲ್ಲಿ ನಮೂದಾಗಿದ್ದ ಕಿಲೋಮೀಟರುಗಳನ್ನು ಪ್ರಶ್ನಿಸಲು ಅವನ ಕೈಯಲ್ಲಿ ಯಾವ ಆಧಾರವೂ ಇರಲಿಲ್ಲ. ಅಂದಿನಿಂದ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮೀಟರಿನ ಚಿತ್ರ ತೆಗೆದುಕೊಂಡು, ಅಂಕಿಗಳನ್ನು ಸ್ಲಿಪ್ಪಿನಲ್ಲಿ ಬರೆದ ಮೇಲೆಯೇ ಅವನು ಸಹಿ ಮಾಡುತ್ತಾನೆ. ಇದಕ್ಕೆ ಅರ್ಧ ನಿಮಿಷ ಸಾಕು.

ತೆರಿಗೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸಣ್ಣ ಉದ್ದಿಮೆಗಳಲ್ಲಿ ವ್ಯಾಪಕವಾಗಿದೆ. ಇಂಧನ ಸೇರಿ ಚಾಲಕಸಹಿತ ಕಾರನ್ನು ಬಾಡಿಗೆಗೆ ಕೊಡುವ ಸಂಸ್ಥೆಯು ಶೇ 5ರ ಜಿಎಸ್‌ಟಿಯನ್ನಾದರೂ ವಿಧಿಸಬಹುದು, 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವಂತೆ ಶೇ 18ನ್ನಾದರೂ ಆಯ್ದುಕೊಳ್ಳಬಹುದು. ಶೇ 18 ಕೊಟ್ಟರೇನು, ಹೂಡುವಳಿ ತೆರಿಗೆ ಜಮೆಯಾಗಿ, ಎಂದರೆ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆದುಕೊಳ್ಳುವ ಸೌಲಭ್ಯದ ಮೂಲಕ, ಅದು ಮರಳುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಚಾಲಕನೂ ಸೇರಿ 13 ಜನರಿಗೆ ಮೀರದ ಆಸನಗಳ ವಾಹನದ ಬಾಡಿಗೆಗೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಆ ಸೌಲಭ್ಯವನ್ನು ಸಾಮಾನ್ಯವಾಗಿ ನಿರಾಕರಿಸುವುದರಿಂದ, ತಾನೇ ಅದೇ ಬಾಡಿಗೆ ವ್ಯವಹಾರದಲ್ಲಿರದ ಉದ್ದಿಮೆಗೆ ಪೂರ್ತಿ ತೆರಿಗೆ ಖರ್ಚೇ ಆಗಿ ಉಳಿಯುತ್ತದೆ. 10,000 ರೂಪಾಯಿಯ ಬಿಲ್ಲಿನ ಮೇಲೆ ಈ ವ್ಯತ್ಯಾಸ 1,300 ರೂಪಾಯಿ. ಹೋಲಿಸಬೇಕಾದ್ದು ತೆರಿಗೆ ಸೇರಿದ ಮೊತ್ತಗಳನ್ನು.

ಇಷ್ಟಾದರೂ ಕಾಯ್ದಿರಿಸಿದ ಕಾರು ವ್ಯರ್ಥವೆಂದು ಹೇಳಲಾಗದು. ಬೆಳಗಿನ 6 ಗಂಟೆಯ ವಿಮಾನಕ್ಕೆ ನಸುಕಿನ ಮೂರೂವರೆಗೆ ಮನೆ ಬಿಡಬೇಕಾದಾಗ, ಆ್ಯಪಿನಲ್ಲಿ ಒಪ್ಪಿದ ಚಾಲಕ ಕೊನೆಯ ಕ್ಷಣದಲ್ಲಿ ಸವಾರಿಯನ್ನು ರದ್ದುಗೊಳಿಸಿದರೆ ನಷ್ಟವಾಗುವುದು ಟಿಕೆಟ್ಟು ಮಾತ್ರವಲ್ಲ, ಆ ದಿನದ ಸಭೆಯೂ ಹೌದು. ಸಂಜೆಯ ವಿಮಾನಕ್ಕೆ ಹೆಬ್ಬಾಳದ ದಟ್ಟಣೆಯನ್ನು ದಾಟಬೇಕಾದವರ ಪಾಡೂ ಅಷ್ಟೇ. ಹೋಗುವ ದಾರಿಯಲ್ಲಿ ಹೆಚ್ಚು ಹಣ ಕೊಟ್ಟು ಕೊಳ್ಳುವುದು ಈ ನಿಶ್ಚಿತತೆಯನ್ನು. ಮರಳುವ ದಾರಿಯಲ್ಲಿ ಅಂಥ ಅಪಾಯವಿಲ್ಲ: ನಿಲ್ದಾಣದಲ್ಲಿ ಟ್ಯಾಕ್ಸಿಗಳ ಸರತಿಯಿದೆ, ಬಿಎಂಟಿಸಿಯ ವಾಯುವಜ್ರ ಬಸ್ಸುಗಳಿವೆ; ಮೇಲಾಗಿ, ವಿಮಾನ ತಡವಾದರೆ ಕಾಯ್ದಿರಿಸಿದ ಕಾರಿನ ಕಾಯುವ ಶುಲ್ಕವೂ ಪಾರ್ಕಿಂಗ್ ಶುಲ್ಕವೂ ಏರುತ್ತಲೇ ಇರುತ್ತವೆ. ಹೋಗಲು ಗೊತ್ತು ದರದ ಕಾರು, ಬರಲು ಸರತಿಯ ಟ್ಯಾಕ್ಸಿ ಎಂಬ ವಿಂಗಡಣೆಯನ್ನು ಈ ಲೇಖಕನು ಹಲವು ವರ್ಷಗಳಿಂದ ಪಾಲಿಸುತ್ತಿದ್ದಾನೆ. ಹೊರಗಿನ ಅತಿಥಿಯನ್ನು ಕರೆತರುವ ದಿನ ಮಾತ್ರ ಇದಕ್ಕೆ ಹೊರತು. ಅಂದು ವಿಮಾನದ ಸಂಖ್ಯೆಯ ಜೊತೆಗೆ ಟರ್ಮಿನಲ್ ಒಂದೋ ಎರಡೋ ಎಂಬುದನ್ನೂ ಸಂಸ್ಥೆಗೆ ತಿಳಿಸಿರಬೇಕು.

ದರ ಎಷ್ಟೇ ಕಡಿಮೆಯಿರಲಿ, ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಒಪ್ಪಬಾರದು. ಬಾಡಿಗೆಯ ಪರವಾನಗಿ ಇಲ್ಲದ ವಾಹನ ಅಪಘಾತಕ್ಕೀಡಾದರೆ ವಿಮೆಯ ಪರಿಹಾರವೇ ವಿವಾದಕ್ಕೆ ಸಿಲುಕುತ್ತದೆ. ಒಪ್ಪಂದಕ್ಕೆ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಬಿಲ್ಲಿನಲ್ಲಿ ಎಲ್ಲಿಯೂ ಕಾಣಿಸದು: ನಸುಕಿನ ಸವಾರಿಗೆ ಬರುವ ಚಾಲಕ ಹಿಂದಿನ ರಾತ್ರಿ ಎಷ್ಟು ಗಂಟೆಗೆ ಕೆಲಸ ಮುಗಿಸಿರುತ್ತಾನೆ, ಪ್ರಯಾಣಿಕನಿಂದ ವಸೂಲಾಗುವ ರಾತ್ರಿ ಬಾಟಾ ಅವನ ಕೈಗೆ ಸೇರುತ್ತದೆಯೇ? ಇದಕ್ಕೆ ತಡವರಿಸದೆ ಉತ್ತರ ಕೊಟ್ಟ ಸಂಸ್ಥೆಯೊಂದಕ್ಕೆ ಈ ಲೇಖಕನು ಪ್ರತಿ ಸವಾರಿಗೂ ನೂರು ರೂಪಾಯಿ ಹೆಚ್ಚೇ ಕೊಡುತ್ತಿದ್ದಾನೆ.