ಔಷಧಕ್ಕೆ ಎರಡು ಹೆಸರು

ರೋಗವು ಉಳ್ಳವರನ್ನೂ ಇಲ್ಲದವರನ್ನೂ ಒಂದೇ ಸಮನಾಗಿ ಹಿಡಿಯುತ್ತದೆ. ಅದರ ಖರ್ಚನ್ನು ಹೊರುವ ಶಕ್ತಿ ಮಾತ್ರ ಎಲ್ಲರಿಗೂ ಸಮನಾಗಿಲ್ಲ. ದೊಡ್ಡ ನೌಕರಿಯಲ್ಲಿರುವವರಿಗೆ ವಿಮೆಯ ಆಸರೆಯುಂಟು. ಬೇಸಾಯ, ಕೂಲಿ, ಸಣ್ಣ ವ್ಯಾಪಾರಗಳನ್ನು ನಂಬಿದ ಮನೆಗಳಲ್ಲಿ ವಿಮೆಯ ಕಂತು ಕಟ್ಟುವವರು ವಿರಳ. ಇಂಥವರು ಕಡಮೆ ಖರ್ಚಿನಲ್ಲಿ ಔಷಧವನ್ನು ಪಡೆಯುವ ಬಗೆ ಹೇಗೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಸರಕಾರದ ನೆರವಿಲ್ಲವೆ ಎಂದು ಕೆಲವರು ಕೇಳಬಹುದು. ಉಂಟು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ನಮ್ಮ ರಾಜ್ಯದ ಆರೋಗ್ಯ ಕರ್ನಾಟಕದೊಡನೆ ಕೂಡಿಕೊಂಡು, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಕೊಡುತ್ತದೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ದಿನವೂ ನುಂಗಬೇಕಾದ ಮಾತ್ರೆಯ ಹಣ ಅದರಿಂದ ಬರುವುದಿಲ್ಲ. ಬಡವರ ಮನೆಯನ್ನು ಸವೆಸುವುದು ಈ ದಿನದಿನದ ಖರ್ಚೇ. ನಮ್ಮ ಹಳ್ಳಿಗಳಲ್ಲಿ ಮಾತ್ರೆ ಮುಗಿದರೆ, "ಮುಂದಿನ ಸಂತೆಗೆ ತಂದರಾಯಿತು" ಎಂದು ಸುಮ್ಮನಾಗುವ ಹಿರಿಯರುಂಟು. ದಿನ ಬಿಟ್ಟು ದಿನ ನುಂಗುವವರೂ ಉಂಟು. ಇದರಿಂದ ಉಳಿಯುವುದು ನಾಲ್ಕು ಕಾಸು. ಲಕ್ವ ಹೊಡೆದರೆ ಹೋಗುವುದು ದುಡಿಯುವ ಕೈ.

ಈ ಖರ್ಚನ್ನು ತಗ್ಗಿಸಬೇಕಾದರೆ ಮೊದಲು ತಿಳಿಯಬೇಕಾದ ವಿಷಯವೊಂದಿದೆ: ಪ್ರತಿಯೊಂದು ಔಷಧಕ್ಕೂ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಒಂದು ಮದ್ದಿನ ಮೂಲನಾಮ. ಇದನ್ನೇ ಜೆನೆರಿಕ್ ಹೆಸರು ಎನ್ನುವರು. ಇನ್ನೊಂದು ಕಂಪೆನಿಯು ಇಟ್ಟ ವ್ಯಾಪಾರದ ಹೆಸರು. ಕ್ರೋಸಿನ್, ಕಾಲ್ಪಾಲ್, ಡೋಲೋ ಎಂದು ಬೇರೆಬೇರೆ ಹೆಸರಿನಿಂದ ಮಾರುವ ಜ್ವರದ ಮಾತ್ರೆಗಳಲ್ಲಿರುವ ಮದ್ದು ಪ್ಯಾರಾಸಿಟಮಾಲ್ ಒಂದೇ. ರಕ್ತದೊತ್ತಡದ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವುಗಳಿಗೂ ಹೀಗೆಯೇ ಹತ್ತಾರು ವ್ಯಾಪಾರದ ಹೆಸರುಗಳಿವೆ. ಇವುಗಳ ಪೇಟೆಂಟ್ ಅವಧಿ ಎಂದೋ ಮುಗಿದಿರುವುದರಿಂದ ಅನೇಕ ಕಂಪೆನಿಗಳು ಇವನ್ನು ತಯಾರಿಸುತ್ತವೆ. ಮದ್ದು ಒಂದೇ ಆದರೂ ಪ್ರಚಾರದ ವೆಚ್ಚ, ಪ್ರತಿನಿಧಿಗಳ ಓಡಾಟ, ಮಾರುವವರ ಲಾಭ ಇವೆಲ್ಲ ಸೇರಿ ಬೆಲೆಯಲ್ಲಿ ಭೇದವುಂಟಾಗುತ್ತದೆ.

ಹಾಗಾದರೆ ಅಂಗಡಿಯಲ್ಲಿಯೇ ಅಗ್ಗದ ಮಾತ್ರೆಯನ್ನು ಕೇಳಬಾರದೆ? ಇಲ್ಲಿ ಒಂದು ತೊಡಕಿದೆ. ಚೀಟಿಯ ಮೇಲೆಯೇ ಕೊಡಬೇಕಾದ ಷೆಡ್ಯೂಲ್ ಎಚ್ ವರ್ಗದ ಔಷಧಗಳಲ್ಲಿ, ವೈದ್ಯರು ಬರೆದುದರ ಬದಲಿಗೆ ಬೇರೊಂದನ್ನು ಅಂಗಡಿಯವನು ಕೊಡಕೂಡದೆಂದು 1945ರ ಔಷಧ ನಿಯಮಗಳು ಹೇಳುತ್ತವೆ. ಮದ್ದು ಅದೇ ಆಗಿದ್ದರೂ ಕೊಡುವಂತಿಲ್ಲ. ಆದುದರಿಂದ ಕೀಲಿಯಿರುವುದು ಅಂಗಡಿಯಲ್ಲಲ್ಲ, ಚೀಟಿಯಲ್ಲಿ. ವೈದ್ಯರು ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಲಿಯ ನಿಯಮಗಳಿಗೆ 2016ರಲ್ಲಿ ತಿದ್ದುಪಡಿಯಾಗಿದೆ. "ಸಾರ್, ಜೆನೆರಿಕ್ ಹೆಸರು ಬರೆದುಕೊಡಿ" ಎಂದು ವಿನಯದಿಂದ ಕೇಳುವುದು ಭಿಕ್ಷೆಯಲ್ಲ, ಉದ್ಧಟತನವೂ ಅಲ್ಲ.

ಚೀಟಿ ಕೈಗೆ ಬಂದ ಮೇಲೆ ಹೋಗಬೇಕಾದ ಮೊದಲ ಸ್ಥಳ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿನ ವೈದ್ಯರಿಗೆ ತೋರಿಸಿದರೆ, ಇಂಥ ಕಾಯಿಲೆಗಳ ಸಾಮಾನ್ಯ ಮಾತ್ರೆಗಳು ದಾಸ್ತಾನು ಇದ್ದಾಗ ಉಚಿತವಾಗಿ ದೊರೆಯುತ್ತವೆ. ಇಲ್ಲವಾದರೆ ಜನೌಷಧಿ ಕೇಂದ್ರವನ್ನು ವಿಚಾರಿಸಬೇಕು. 2008ರಲ್ಲಿ ಆರಂಭವಾದ ಈ ಯೋಜನೆಯ ಅಂಗಡಿಗಳಲ್ಲಿ ಮದ್ದುಗಳು ಮೂಲನಾಮದಿಂದಲೇ ಮಾರಾಟವಾಗುತ್ತವೆ. ಬೆಲೆಯು ಹೆಸರಾಂತ ಕಂಪೆನಿಗಳ ಔಷಧಕ್ಕಿಂತ ಶೇಕಡಾ 50ರಿಂದ 80ರಷ್ಟು ಕಡಮೆಯೆಂದು ಸರಕಾರ ತಿಳಿಸುತ್ತದೆ. ಅದೂ ಹತ್ತಿರದಲ್ಲಿಲ್ಲದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಜೆನೆರಿಕ್ ಹೆಸರಿನ ಚೀಟಿಯನ್ನು ತೋರಿಸಿ, ಇರುವುದರಲ್ಲಿ ಅಗ್ಗವಾದುದನ್ನು ಕೊಳ್ಳಬಹುದು.

ಅಗ್ಗದ ಮದ್ದು ಕೆಲಸ ಮಾಡೀತೆ ಎಂಬ ಸಂಶಯ ಸಹಜವಾದದ್ದೇ. ಹೆಸರುಳ್ಳ ಔಷಧಕ್ಕೂ ಇಲ್ಲದ ಔಷಧಕ್ಕೂ ಅನ್ವಯಿಸುವ ಕಾನೂನು ಒಂದೇ, 1940ರದು. ಕಳಪೆ ಮಾಲು ಎರಡರಲ್ಲಿಯೂ ಸಿಕ್ಕಿಬಿದ್ದುದುಂಟು. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣ ಹೆಚ್ಚೆಂದು ಹೇಳಲಾಗದು. ಬ್ಯಾಚ್ ನಂಬರು ನಮೂದಿಸಿದ ಬಿಲ್ಲನ್ನು ಕೇಳಿ ಪಡೆಯುವುದು ಎಲ್ಲಿಯೂ ಒಳ್ಳೆಯದು. ಆದರೆ ಮೂರ್ಛೆರೋಗ, ಥೈರಾಯಿಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇಂಥ ಔಷಧಗಳಲ್ಲಿ ವೈದ್ಯರನ್ನು ಕೇಳದೆ ಒಂದು ಕಂಪೆನಿಯದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಾರದು. ಯಾವ ಔಷಧವನ್ನೂ ನಾವಾಗಿಯೇ ನಿಲ್ಲಿಸಬಾರದು.

ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಮೂಲನಾಮವನ್ನು ವ್ಯಾಪಾರದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಬೇಕೆಂಬ ನಿಯಮ 2018ರಲ್ಲಿ ಬಂದಿದೆ. ಕೆಲವು ಮಿಶ್ರ ಔಷಧಗಳಿಗೆ ಮಾತ್ರ ವಿನಾಯಿತಿ. ಆದರೆ ಅಕ್ಷರ ಎಷ್ಟು ದೊಡ್ಡದಾದರೇನು? ಅದು ಇಂಗ್ಲಿಷಿನಲ್ಲಿದೆ. ನಮ್ಮ ಕಾಲೇಜಿನ ಅನೇಕ ವಿದ್ಯಾರ್ಥಿಗಳ ತಂದೆತಾಯಿಗಳು ಅದನ್ನು ಓದಲಾರರು. ಮಾತ್ರೆಯನ್ನು ಬಣ್ಣದಿಂದಲೂ ಆಕಾರದಿಂದಲೂ ಗುರುತಿಸುವರು. ಕಂಪೆನಿ ಬದಲಾದಾಗ ಬಣ್ಣವೂ ಬದಲಾಗಿ, ಇದು ಬೇರೆ ಮಾತ್ರೆಯೆಂದು ಬಿಟ್ಟುಬಿಡುವುದೂ, ಒಂದೇ ಮದ್ದನ್ನು ಎರಡೆಂದು ತಿಳಿದು ಎರಡು ಸಲ ನುಂಗುವುದೂ ನಡೆಯಬಹುದು.

ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಬಹಳ ಮಂದಿ. ಪದವಿಯಿಂದ ನೌಕರಿ ಎಂದು ದೊರೆಯುವುದೋ ಹೇಳಬಲ್ಲವರಾರು? ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಔಷಧಗಳನ್ನೆಲ್ಲ ಮುಂದಿಟ್ಟುಕೊಂಡು, ಪ್ರತಿಯೊಂದರ ಮೂಲನಾಮ, ಪ್ರಮಾಣ, ನುಂಗುವ ಹೊತ್ತು ಇವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ, ಅಪ್ಪ ಅವ್ವನಿಗೆ ಓದಿ ಹೇಳೋಣ. ಪಕ್ಕದ ಮನೆಯವರು ಬಂದು ಕೇಳಿದರೆ ಅವರಿಗೂ ಬರೆದುಕೊಡೋಣ. ನಮ್ಮ ಓದಿನಿಂದ ಇಷ್ಟು ಕೆಲಸವಂತೂ ಇಂದೇ ಆಗುತ್ತದೆ.